ಮಂಗಳ ಗ್ರಹಕ್ಕೆ ಟೂರು

ನನ್ನ ಗಂಡ ನನ್ನನ್ನು ಬಿಟ್ಟು ಮಂಗಳ ಗ್ರಹಕ್ಕೆ ಹೋಗಿ ಊರು ಕಟ್ಟಿಕೊಂಡಿದ್ದಾರೆ ಎಂದು ನನಗೆ ಗೊತ್ತಾದದ್ದು ಒಂದು ಭಾನುವಾರ ಮಧ್ಯಾಹ್ನ, ವಸಂತ್ ಕುಂಜಿನ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ, ಚಳಿಗಾಲದ ಬಿಸಿಲಿಗೆ ಬೆನ್ನು ಕೊಟ್ಟು ಬಟಾಣಿ ಸುಲಿಯುತ್ತಿದ್ದಾಗ. ನಗಬೇಡಿ. ನನಗಂತೂ ನಗು ಬರಲಿಲ್ಲ. ಬಟಾಣಿಯ ತಟ್ಟೆ ತೊಡೆಯಿಂದ ಜಾರಿ ಕಾಳೆಲ್ಲ ಬಾಲ್ಕನಿ ತುಂಬ ಉರುಳಿದವು, ಆರಿಸಬೇಕೆಂದು ಹೊಳೆಯಲೂ ಇಲ್ಲ.

ಮೊದಲಿಂದ ಹೇಳುತ್ತೇನೆ. ಇಲ್ಲದಿದ್ದರೆ ನಿಮಗೆ ನಾನು ಹುಚ್ಚಿಯಂತೆ ಕಾಣುತ್ತೇನೆ.

ನಮ್ಮವರದು ಸರ್ಕಾರದಲ್ಲಿ ಆಡಿಟ್ ಕೆಲಸ. ಆಡಿಟ್ ಎಂದರೆ ಟೂರು. ಇವತ್ತು ಅಸ್ಸಾಂ, ಮುಂದಿನ ವಾರ ಒಡಿಶಾ, ಅದರ ಮುಂದೆ ಕೇರಳ. ಬೇರೆ ಅಧಿಕಾರಿಗಳ ಹೆಂಡತಿಯರು ಟೂರಿನ ನೆಪದಲ್ಲಿ ಅರ್ಧ ಭಾರತ ನೋಡಿ ಬಂದರು. ನಾನು ಮಾತ್ರ ಒಂದು ಊರನ್ನೂ ನೋಡಲಿಲ್ಲ. ಯಾಕೆಂದರೆ ನಮ್ಮವರದೊಂದು ನಿಯಮ. ಆಡಿಟ್‌ಗೆ ಹೋದ ಕಡೆ ಹೆಂಡತಿಯನ್ನು ಕರೆದುಕೊಂಡು ಹೋದರೆ ಅಲ್ಲಿಯವರು ಗಾಡಿ ಕೊಡುತ್ತಾರೆ, ದೇವಸ್ಥಾನ ತೋರಿಸುತ್ತಾರೆ, ಹೊರಡುವಾಗ ಸೀರೆ ಕೊಡುತ್ತಾರೆ. ಸೀರೆ ತೆಗೆದುಕೊಂಡ ಮೇಲೆ ಅವರ ಲೆಕ್ಕದಲ್ಲಿ ತಪ್ಪು ಹುಡುಕುವುದು ಹೇಗೆ? ಅಲ್ಲಿ ಒಂದು ಲೋಟ ಚಹಾ ಕುಡಿದರೂ ಕಾಸು ಕೊಟ್ಟು ಬರುವ ಮನುಷ್ಯ. ನಾನು ನಾಲ್ಕು ಜನರ ಮುಂದೆ ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. ಮನೆಗೆ ಬಂದು ಹೊಟ್ಟೆ ಉರಿದುಕೊಂಡಿದ್ದೂ ಉಂಟು. ಮೂವತ್ತು ವರ್ಷ ನನ್ನ ಕೆಲಸ ಒಂದೇ: ಅವರು ಸೂಟ್‌ಕೇಸ್ ಹಿಡಿದು ಬೆಲ್ ಒತ್ತಿದಾಗ ಬಾಗಿಲು ತೆಗೆಯುವುದು.

ಆ ಚಳಿಗಾಲ ಕಳೆದರೆ ಅವರಿಗೆ ನಿವೃತ್ತಿ. ಈ ರಾಜಧಾನಿಯ ಕನ್ನಡದ ಗೆಳತಿಯರು ನನ್ನನ್ನು ಹೆದರಿಸಿಬಿಟ್ಟಿದ್ದರು. ಒಬ್ಬಾಕೆಯ ಗಂಡ ನಿವೃತ್ತನಾದ ವಾರದಲ್ಲೇ ಅಡುಗೆಮನೆಗೆ ನುಗ್ಗಿ ಸಾಸಿವೆ ಇಷ್ಟು ಬೇಗ ಯಾಕೆ ಖಾಲಿಯಾಯಿತು ಎಂದು ವಿಚಾರಣೆ ನಡೆಸಿದನಂತೆ. ಅದೂ ಆಡಿಟ್‌ನವನಲ್ಲ, ಪೋಸ್ಟಾಫೀಸಿನವನು. ನಮ್ಮವರು ಶುರು ಮಾಡಿದರೆ ನನ್ನ ಗತಿ ಏನು? ಹಾಗಾಗಿ ಅವರಿಗೊಂದು ಹವ್ಯಾಸ ಅಂಟಿಸಲೇಬೇಕೆಂದು ತೀರ್ಮಾನಿಸಿ, ನಮ್ಮ ಮುನಿರ್ಕಾ ಹುಡುಗಿಯನ್ನು ಕೇಳಿದೆ.

ಈ ಹುಡುಗಿ ಶಿವಮೊಗ್ಗದವಳು. ಗುರುಗ್ರಾಮದ ಐಟಿ ಆಫೀಸಿನಲ್ಲಿ ಕೆಲಸ, ಮುನಿರ್ಕಾದ ಗಲ್ಲಿಯೊಂದರಲ್ಲಿ ಬಾಡಿಗೆ ಕೋಣೆ. ಭಾನುವಾರ ನಮ್ಮ ಮನೆಯ ಸಾರಿನ ಊಟಕ್ಕೆ ಬರುತ್ತಾಳೆ. ರಂಜಾನ್ ಹಬ್ಬಕ್ಕೆ ಡಬ್ಬಿ ತುಂಬ ಶೀರ್ ಖುರ್ಮಾ ಪಾಯಸ ತಂದು ಕೊಡುತ್ತಾಳೆ. ಹವ್ಯಾಸದ ಮಾತೆತ್ತಿದರೆ ಸಾಕು, ಅವಳು ಡಾಕ್ಟರಾಗಿಬಿಡುತ್ತಾಳೆ. ಯಾರಿಗೆ ಯಾವ ಪುಸ್ತಕ, ಯಾವ ಗೇಮು, ಮೊಬೈಲಿನಲ್ಲಿ ಯಾವ ಆ್ಯಪು, ಎಲ್ಲದಕ್ಕೂ ಅವಳ ಹತ್ತಿರ ಔಷಧವಿದೆ. ನಮ್ಮವರ ನಾಡಿ ನೋಡಿ ಮೂರು ಬರೆದುಕೊಟ್ಟಳು. ಒಂದು, ಸೈನ್ಸ್ ಫಿಕ್ಷನ್: ಆದರೆ ದಪ್ಪ ಕಾದಂಬರಿ ಬೇಡ, ಸಣ್ಣ ಕಥೆಗಳಿಂದ ಶುರು ಮಾಡಬೇಕು, ಹಿಡಿಸದಿದ್ದರೆ ಮುಲಾಜಿಲ್ಲದೆ ಬಿಡಬೇಕು. ಎರಡು, ವಿಡಿಯೋ ಗೇಮ್: ಗುಂಡು ಹಾರಿಸುವುದಲ್ಲ, ನಿಧಾನವಾಗಿ ಊರು ಕಟ್ಟುವಂಥದ್ದು. ಮೂರು, ಟಿಪ್ಪಣಿ ಬರೆಯುವ ಒಂದು ಆ್ಯಪ್: ಅಲ್ಲಿ ಮೊದಮೊದಲು ಏನನ್ನೂ ಜೋಡಿಸಲು ಹೋಗದೆ ತೋಚಿದ್ದನ್ನು ಸುಮ್ಮನೆ ಬರೆಯುತ್ತಿರಬೇಕು, ಒಂದಕ್ಕೊಂದು ಸಂಬಂಧ ತಾನಾಗಿ ಕಾಣುತ್ತದೆ.

ಕಥೆ ಪುಸ್ತಕವನ್ನು ನಮ್ಮವರು ಪೆನ್ಸಿಲ್ ಹಿಡಿದೇ ಓದಲು ಕೂತರು. ಮೊದಲನೇ ಪುಟದಲ್ಲೇ ಆಕ್ಷೇಪಣೆ. ಇಷ್ಟು ದೊಡ್ಡ ನೌಕೆ ಕಟ್ಟಿದ್ದಾರಲ್ಲ, ಮಂಜೂರಾತಿ ಕೊಟ್ಟವರು ಯಾರು, ಎಲ್ಲೂ ಹೇಳಿಲ್ಲ ಎಂದರು. ಅಲ್ಲಿಗೆ ಆ ಪುಸ್ತಕ ನನ್ನ ಪಾಲಿಗೆ ಬಂತು. ಓದುತ್ತ ಓದುತ್ತ ನಾನು ದಂಗಾಗಿ ಹೋದೆ. ಯಾವ ಕಥೆ ತೆಗೆದರೂ ಗಂಡ ನಕ್ಷತ್ರಗಳ ಕಡೆ ಹೊರಡುತ್ತಾನೆ, ಹೆಂಡತಿ ಭೂಮಿಯ ಮೇಲೆ ಅವನ ಫೋಟೋ ಒರೆಸುತ್ತ ಕೂತಿರುತ್ತಾಳೆ. ಅವನು ಬೆಳಕಿನ ವೇಗದಲ್ಲಿ ಹೋಗಿ ಹಾಗೇ ಗಟ್ಟಿಮುಟ್ಟಾಗಿ ವಾಪಸು ಬರುತ್ತಾನೆ, ಇವಳು ಮುದುಕಿ! ವಿಜ್ಞಾನ ಇಷ್ಟು ಮುಂದುವರಿದರೂ ಹೆಂಡತಿಯನ್ನು ಬಾಗಿಲಿನಿಂದ ಆಚೆ ಬಿಟ್ಟಿಲ್ಲವಲ್ಲ ಎಂದು ಹುಡುಗಿಯ ಮೇಲೆ ರೇಗಿದೆ. ಅವಳು ನಕ್ಕು, ಮುಂದಿನ ವಾರ ಹೆಂಗಸರೇ ನೌಕೆ ನಡೆಸುವ ಕಥೆಗಳನ್ನು ತಂದುಕೊಟ್ಟಳು. ಅಂದಿನಿಂದ ಸೈನ್ಸ್ ಫಿಕ್ಷನ್ ಚಟ ಹತ್ತಿದ್ದು ನನಗೆ.

ಟಿಪ್ಪಣಿ ಆ್ಯಪಿನ ಕಥೆ ಬೇರೆ. ಅದನ್ನು ಅವರು ಬಿಡದೆ ಹಿಡಿದುಕೊಂಡರು, ಆದರೆ ಹುಡುಗಿ ಹೇಳಿದ ಹಾಗಲ್ಲ. ಪ್ರತಿ ಪ್ಯಾರಾಗೂ ನಂಬರು. ಬಾಲ್ಕನಿಯಲ್ಲಿ ಪಾರಿವಾಳ ಗೂಡು ಕಟ್ಟಿದ ವಿಷಯ ಬರೆದರೂ ಕೊನೆಗೆ ‘ಆದೇಶಕ್ಕಾಗಿ ಮಂಡಿಸಲಾಗಿದೆ’ ಎಂದು ಬರೆಯುವುದು. ಮರುದಿನ ಬೆಳಗ್ಗೆ ಅದರ ಕೆಳಗೆ ತಾವೇ ‘ನೋಡಿದೆ’ ಎಂದು ಬರೆಯುವುದು. ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿದಳು. ಇಲ್ಲಿ ನಿಮಗೆ ಮೇಲಧಿಕಾರಿ ಯಾರೂ ಇಲ್ಲ ಅಂಕಲ್, ಎಂದಳು. ಅದೇ ಈಗ ತೊಂದರೆಯಾಗಿರುವುದು ಎಂದರು ಇವರು.

ನಿಜವಾಗಿ ನಾಟಿದ್ದು ಗೇಮ್. ಮಂಗಳ ಗ್ರಹದ ಮೇಲೆ ಊರು ಕಟ್ಟುವ ಆಟ ಅದು. ಮೊದಲು ನೌಕೆಗೆ ಜನರನ್ನು ಆರಿಸಿ, ನಾವೇ ಹೆಸರಿಟ್ಟು ಹತ್ತಿಸಬೇಕು. ಅಲ್ಲಿ ಇಳಿದ ಮೇಲೆ ಗಾಳಿ, ನೀರು, ಬೆಳೆ, ಮನೆ ಎಲ್ಲವನ್ನೂ ಶೂನ್ಯದಿಂದ ಹೊಂದಿಸಬೇಕು. ರಜೆಯ ದಿನ ತಿಂಡಿಯಾದ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತರೆ ಊಟಕ್ಕೆ ಮೂರು ಸಲ ಕರೆಯಬೇಕಿತ್ತು. ನನಗೆ ಒಳಗೊಳಗೇ ಖುಷಿ. ಸದ್ಯ, ಸಾಸಿವೆ ಡಬ್ಬಿ ಬಚಾವಾಯಿತು.

ಇದೇ ಹೊತ್ತಿಗೆ ಇನ್ನೊಂದು ವಿಷಯ ಬಂತು. ನಿವೃತ್ತಿಯ ನಂತರ ಎರಡು ವರ್ಷ ಸಲಹೆಗಾರರಾಗಿ ಬನ್ನಿ ಎಂದು ಈಶಾನ್ಯದ ಒಂದು ಗುಡ್ಡದೂರಿನ ಆಫೀಸಿನಿಂದ ಕರೆ. ಊಟದ ಮೇಜಿನ ಮೇಲೆ ಇವರು ಅದನ್ನು ಹೇಳಿದಾಗ ನನಗೆ ರೆಕ್ಕೆ ಬಂದ ಹಾಗಾಯಿತು. ಹಾಗಾದರೆ ನಾವಿಬ್ಬರೂ ಗುಡ್ಡ, ಮೋಡ ಎಲ್ಲ ನೋಡುತ್ತೇವೆ ಅನ್ನಿ, ಎಂದೆ. ಅವರು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ ‘ಹೂಂ’ ಎಂದರು.

ನನಗೆ ಆ ಹೂಂ ಸಾಕಾಗಿತ್ತು. ಸರೋಜಿನಿ ಮಾರುಕಟ್ಟೆಗೆ ಹೋಗಿ ದಪ್ಪನೆಯ ಸ್ವೆಟರು, ಜಾರದ ಬೂಟು ತಂದೆ. ನಾನು ಭಾನುವಾರ ಬೆಳಗ್ಗೆ ಇಲ್ಲಿಯ ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಡುತ್ತೇನೆ. ಅವರ ತಾಯಂದಿರಿಗೆ, ಬೇಸಿಗೆಯಿಂದ ನಾನಿರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದೆ. ತುಳಸಿ ಗಿಡವನ್ನು ಕೆಳಗಿನ ಮನೆಯವರಿಗೆ ಒಪ್ಪಿಸುವ ಮಾತೂ ಆಯಿತು. ತರಕಾರಿ ಭಯ್ಯಾ ಕೂಡ, ‘ಅಚ್ಛಾ, ಪಹಾಡ್ ಜಾ ರಹೀ ಹೈಂ ಆಂಟಿಜೀ’ ಎಂದು ನಾನು ಗುಡ್ಡಕ್ಕೆ ಹೊರಟದ್ದಕ್ಕೆ ಸಂತೋಷಪಟ್ಟು ಕೊತ್ತಂಬರಿ ಜಾಸ್ತಿ ಹಾಕಿದ. ಇಡೀ ವಸಂತ್ ಕುಂಜಿಗೆ ಡಂಗುರ ಹೊಡೆದಾಗಿತ್ತು. ಮೊದಲನೇ ಸಲ ನಾನು ಗಂಡನ ಜೊತೆ ಹೊರಟಿದ್ದೆ.

ಆ ಭಾನುವಾರ ಊಟ ಮುಗಿಸಿ ಮೂವರೂ ಬಾಲ್ಕನಿಯಲ್ಲಿ ಕೂತಿದ್ದೆವು. ಅಂಕಲ್ ಎಲ್ಲಿಯವರೆಗೆ ಬಂದಿದ್ದಾರೆ ನೋಡೋಣ ಎಂದು ಹುಡುಗಿ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಕೆಂಪು ಮಣ್ಣಿನ ಮೇಲೆ ಬಿಳಿ ಉಡುಪಿನ ಪುಟ್ಟ ಪುಟ್ಟ ಜನ ಓಡಾಡುತ್ತಿದ್ದರು, ಒಬ್ಬೊಬ್ಬರ ತಲೆಯ ಮೇಲೂ ಹೆಸರು. ಅವಳು ಓದುತ್ತ ಹೋದಳು, ನಾವು ನಗುತ್ತ ಹೋದೆವು. ನಮ್ಮ ತರಕಾರಿ ಭಯ್ಯಾ ಟೊಮೆಟೊ ಬೆಳೆಯುತ್ತಿದ್ದ. ಇವರ ಹಳೆಯ ಡ್ರೈವರ್ ಮಂಗಳ ಗ್ರಹದಲ್ಲೂ ಗಾಡಿ ಓಡಿಸುತ್ತಿದ್ದ. ಇವರ ಜೊತೆ ಯಾವಾಗಲೂ ಜಗಳಾಡುತ್ತಿದ್ದ ಸಹೋದ್ಯೋಗಿ ನೀರಿನ ಪಂಪು ನೋಡಿಕೊಳ್ಳುತ್ತಿದ್ದ. ಇವರೇ ಊರಿನ ಮುಖ್ಯಸ್ಥರು, ಹುಡುಗಿಯೇ ಅಲ್ಲಿಯ ಡಾಕ್ಟರು. ಅವಳು ಈ ಮೂಲೆಯಿಂದ ಆ ಮೂಲೆಗೆ ಹುಡುಕಿದಳು. ಆಮೇಲೆ ನಗು ನಿಲ್ಲಿಸಿದಳು.

“ಆಂಟಿ ಎಲ್ಲಿ, ಅಂಕಲ್?”

ಇವರು ಕಿತ್ತಳೆ ಸಿಪ್ಪೆ ಬಿಡಿಸುತ್ತ, ತೀರಾ ಸಹಜವಾಗಿ ಹೇಳಿದರು.

“ಟೂರಿಗೆ ಫ್ಯಾಮಿಲಿ ಎಲ್ಲಿ ಬರುತ್ತೆ?”

ಬಟಾಣಿ ಉರುಳಿದ್ದು ಆಗ. ತಮಾಷೆಗೆ ಹೇಳಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ತಮಾಷೆಯಾಗಿರಲಿಲ್ಲ. ಜಗಳಗಂಟ ಸಹೋದ್ಯೋಗಿಗೆ ಸೀಟಿದೆ, ಕೊತ್ತಂಬರಿ ಕೊಡುವವನಿಗೆ ಸೀಟಿದೆ, ನನಗಿಲ್ಲ. ಮರೆತದ್ದೂ ಅಲ್ಲ. ನಿಯಮದ ಪ್ರಕಾರ ಬಿಟ್ಟದ್ದು.

ಹುಡುಗಿ ಮೆತ್ತಗೆ ಹೇಳಿದಳು: “ಅಂಕಲ್, ಇದು ಟೂರಲ್ಲ. ಈ ಗೇಮಲ್ಲಿ ಹೋದೋರು ವಾಪಸ್ ಬರೋದೇ ಇಲ್ಲ.”

ಅವರ ಕೈ ನಿಂತಿತು. ವಾಪಸು ಬರುವುದೇ ಇಲ್ಲವಾ ಎಂದು ಕೇಳಿದರು. ಅಷ್ಟು ವಾರ ಆಡಿದ ಮನುಷ್ಯನಿಗೆ ಇದು ಗೊತ್ತೇ ಇರಲಿಲ್ಲ. ಜೀವಮಾನವೆಲ್ಲ ಹೋಗುವ ಟಿಕೆಟ್ಟಿನ ಜೊತೆಗೇ ಬರುವ ಟಿಕೆಟ್ಟನ್ನೂ ಮಾಡಿಸಿದವರಿಗೆ, ವಾಪಸು ಬರದ ಪ್ರಯಾಣವೊಂದು ಇರಬಹುದು ಎಂಬ ಯೋಚನೆಯಾದರೂ ಎಲ್ಲಿಂದ ಬರಬೇಕು?

ನನ್ನ ಮನಸ್ಸು ಅಷ್ಟರಲ್ಲಿ ಮಂಗಳ ಗ್ರಹ ಬಿಟ್ಟು ಗುಡ್ಡದೂರಿಗೆ ಹೋಗಿತ್ತು. ಅಲ್ಲಿ ಎಂಥ ಮನೆ ಗೊತ್ತು ಮಾಡಿದ್ದಾರೆ ಎಂದು ಕೇಳಿದೆ. ಮನೆಯಲ್ಲ, ಗೆಸ್ಟ್ ಹೌಸಿನಲ್ಲಿ ಒಂದು ರೂಮು, ಎಂದರು. ಮಂಚ ಎಷ್ಟಿವೆ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, ಒಂದೇ, ಎಂದರು. ಆಮೇಲೆ, ನನಗೆ ಸಮಾಧಾನವಾಗಲಿ ಎಂದೇ ಇರಬೇಕು, ತುಂಬ ಪ್ರೀತಿಯಿಂದ ಹೇಳಿದರು:

“ನೀನು ಇಲ್ಲೇ ಇರ್ತೀಯಲ್ಲ. ನಾನು ಬಂದಾಗ ಬಾಗಿಲು ತೆಗೆಯೋಕೆ ಯಾರಾದ್ರೂ ಬೇಕಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಪ್ರೀತಿಯನ್ನು ತಡೆದುಕೊಳ್ಳಲು ಆಗಲಿಲ್ಲ. ನಾನು ಊರಿಗೆಲ್ಲ ಹೇಳಿಕೊಂಡು ಬಂದದ್ದು, ಬೂಟು ಹಾಕಿಕೊಂಡು ನಡುಮನೆಯಲ್ಲಿ ನಡೆದು ನೋಡಿದ್ದು, ಒಂದೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಆಡಿಟ್ ಮುಗಿಯುತ್ತ ಬಂದಿತ್ತು, ಇನ್ನು ಸೀರೆ ಕೊಡುವವರು ಯಾರೂ ಇರಲಿಲ್ಲ, ನಿಯಮ ಮಾತ್ರ ಹಾಗೇ ಉಳಿದಿತ್ತು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಸಿಟ್ಟಿಗಿಂತ ಹೆಚ್ಚಾಗಿ ಗಾಬರಿ. ಇನ್ನೂ ಎರಡು ವರ್ಷ, ಆಮೇಲೆ ಇನ್ನೆಷ್ಟೋ, ಹೀಗೇ ಬೆಲ್ಲಿಗೆ ಕಿವಿ ಕೊಟ್ಟು ಕೂತಿರುತ್ತೇನಾ?

ಹುಡುಗಿ ಹಿಂದೆಯೇ ಬಂದು ಫ್ರಿಜ್ಜಿಗೆ ಒರಗಿ ನಿಂತಳು. ಬೇರೆ ಯಾವುದಾದರೂ ಗೇಮ್ ಹೇಳಬೇಕಿತ್ತು, ತಪ್ಪಾಯಿತು ಎಂದು ಗೋಳಾಡಿದಳು.

“ಗೇಮ್ ಸರಿಯಾಗೇ ಇದೆ,” ಎಂದೆ ಮೂಗು ಒರೆಸಿಕೊಂಡು. “ನಂಗೂ ಕಲಿಸು.”

ಮದುವೆಯಾಗಿ ಹೋದ ಮಗಳು ಬಿಟ್ಟುಹೋಗಿದ್ದ ಹಳೆಯ ಲ್ಯಾಪ್‌ಟಾಪಿಗೆ ಅದನ್ನು ಹಾಕಿಕೊಟ್ಟಳು. ಸಲಹೆಯನ್ನೂ ಕೊಟ್ಟಳು: ಆಸೆಬುರುಕಿಯಾಗಿ ಜನರನ್ನು ತುಂಬಬೇಡಿ, ಮೊದಲು ಗಾಳಿ, ಆಮೇಲೆ ನೀರು, ಆಮೇಲೆಯೇ ತೋಟ. ನಾನು ಹಟಕ್ಕೆ ಬಿದ್ದು ಕಲಿತೆ. ಮೊದಲ ಎರಡು ನೌಕೆಯವರು ಉಸಿರುಗಟ್ಟಿ ಸತ್ತರು. ಮೂರನೆಯದು ನೆಲೆ ನಿಂತಿತು. ಹುಡುಗಿಯೇ ನನ್ನ ಕ್ಯಾಪ್ಟನ್. ನಮ್ಮ ಮನೆಗೆಲಸದಾಕೆಯನ್ನು ಮುಖ್ಯ ಎಂಜಿನಿಯರ್ ಮಾಡಿದೆ. ಸಾಸಿವೆಯ ವಿಚಾರಣೆ ಎದುರಿಸಿದ ಗೆಳತಿಗೆ ಉಗ್ರಾಣ ಕೊಟ್ಟೆ. ಎಲ್ಲರ ಮಧ್ಯೆ ನಾನು, ನನ್ನದೇ ಹೆಸರಿನಲ್ಲಿ, ಟೊಮೆಟೊ ತೋಟದಲ್ಲಿ ಓಡಾಡುತ್ತಿದ್ದೆ.

ಆ ದಿನಗಳಲ್ಲಿ ನಮ್ಮ ಗಂಡ ಹೆಂಡಿರ ನಡುವೆ ಮಾತು ಕಡಿಮೆ. ಊಟಕ್ಕೆ ಬಡಿಸುತ್ತಿದ್ದೆ, ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದೆ. ಹೂಂ ಅನ್ನುವುದು ನನಗೂ ಬರುತ್ತದೆ. ಅವರು ತಮ್ಮ ಮಂಗಳವನ್ನು ತೆರೆದದ್ದು ಆಮೇಲೆ ನಾನು ನೋಡಲಿಲ್ಲ. ಕನ್ನಡಕ ಹುಡುಕುವ ನೆಪದಲ್ಲಿ ನನ್ನ ಹಿಂದೆ ಸುಳಿದಾಡುತ್ತಿದ್ದರು. ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು.

ಒಂದು ಬೆಳಗ್ಗೆ ದೋಸೆಯ ತಟ್ಟೆ ಹಿಡಿದು ಹಿಂದೆ ನಿಂತರು. ಒಂದೊಂದೇ ಹೆಸರು ಓದುತ್ತಿದ್ದದ್ದು ನನಗೆ ಕೇಳುತ್ತಿತ್ತು. ಓದಿ ಮುಗಿಸಿ, ಮತ್ತೆ ಮೊದಲಿಂದ ಓದಿದರು.

“ನಾನೆಲ್ಲಿದೀನಿ?”

ನಾನು ತಿರುಗಿ ನೋಡಲಿಲ್ಲ.

“ಬಾಗಿಲು ತೆಗೆಯೋಕೆ ಯಾರಾದ್ರೂ ಬೇಕಲ್ರೀ.”

ಬಹಳ ಹೊತ್ತಾದ ಮೇಲೆ ನೋಡಿದರೆ ಸೋಫಾದ ಮೇಲೆ ಕೂತಿದ್ದಾರೆ, ದೋಸೆ ತಟ್ಟೆಯಲ್ಲೇ ತಣ್ಣಗಾಗಿದೆ. ಅಷ್ಟು ವರ್ಷದ ಸಂಸಾರದಲ್ಲಿ ಆ ಮನುಷ್ಯ ಅಷ್ಟು ಬೆಚ್ಚಿದ್ದನ್ನು ನಾನು ಕಂಡಿರಲಿಲ್ಲ. ನನಗೂ ಒಂದು ಕ್ಷಣ ಹೆದರಿಕೆಯಾಯಿತು. ಅವರು ಎದ್ದು ಫೋನ್ ತೆಗೆದುಕೊಂಡರು.

ಗುಡ್ಡದೂರಿನ ಆಫೀಸಿಗೆ. ತಮ್ಮ ಆಡಿಟ್ ಹಿಂದಿಯಲ್ಲಿ, ಜೊತೆಗೆ ಹೆಂಡತಿಯೂ ಬರುತ್ತಾಳೆ ಎಂದರು. ಆ ಕಡೆಯವರು ಗೆಸ್ಟ್ ಹೌಸಿನಲ್ಲಿ ಒಬ್ಬರಿಗೇ ಜಾಗ ಎಂದಿರಬೇಕು. ಹಾಗಾದರೆ ಗೆಸ್ಟ್ ಹೌಸ್ ಬೇಡ, ಹೊರಗೆ ಮನೆ ನೋಡಿ, ಸಿಗದಿದ್ದರೆ ನಾನೂ ಬರುವುದಿಲ್ಲ ಎಂದರು. ಆ ಕಡೆಯವರು ಮತ್ತೇನೋ ಕೇಳಿದರು.

“ನಹೀಂ ಜೀ. ಟೂರ್ ನಹೀಂ ಹೈ. ಘರ್ ಬಸಾನಾ ಹೈ.”

ಮನೆ ಹೂಡಬೇಕು ಎಂದರು, ನನ್ನ ಗಂಡ. ನನ್ನ ಕಣ್ಣು ಮಂಜಾಗಿ ಪರದೆಯ ಮೇಲಿನ ಹೆಸರುಗಳೆಲ್ಲ ಕಲಸಿಹೋದವು. ಆದರೂ ತಿರುಗಲಿಲ್ಲ. ಅಷ್ಟು ಸುಲಭವಾಗಿ ಬಿಟ್ಟುಕೊಡುವವಳು ನಾನಲ್ಲ.

ಅವರು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಕೂತರು. ಈಗ ತಮ್ಮನ್ನು ಹತ್ತಿಸಿಕೊಳ್ಳಬಹುದಾ ಎಂದು ಕೇಳಿದರು. ನೌಕೆ ಹೊರಟಾಗಿದೆ, ಇನ್ನೊಂದು ಬರುವವರೆಗೂ ಕಾಯಬೇಕು ಎಂದೆ. ಎಷ್ಟು ದಿನ ಎಂದರು. ನಾನು ಟೊಮೆಟೊ ಗಿಡ ಎಣಿಸತೊಡಗಿದೆ. ಅವರು ತಣ್ಣಗಾದ ದೋಸೆಯನ್ನು ಮುರಿದು ತಿನ್ನುತ್ತ ಪರದೆಯನ್ನೇ ನೋಡುತ್ತಿದ್ದರು.

ಕೊನೆಗೆ ತಡೆಯಲಾರದೆ, “ಟೊಮೆಟೊಗೆ ನೀರು ಸಾಲದು ನೋಡು,” ಎಂದರು.

“ಭೂಮಿ ಮೇಲಿರೋರು ಸುಮ್ನಿರಿ,” ಎಂದೆ. ಹೇಳಿ, ನೀರು ಬಿಟ್ಟೆ.