ಹೆಡ್‌ಫೋನಿನಲ್ಲಿ ರೊಟ್ಟಿ

“ರೊಟ್ಟಿ ತಿರುವಿ ಹಾಕ್ರೀ, ಸೀದೋಗುತ್ತೆ” ಎಂದು ಕಾಡುಗೋಡಿಯ ಮೊಬೈಲ್ ಅಂಗಡಿಯೊಳಗೆ ನಿಂತು ನಾನು ಕೂಗಿಬಿಟ್ಟೆ. ಕಿವಿಯ ಮೇಲೆ ಹೆಡ್‌ಫೋನ್ ಇದ್ದುದರಿಂದ ಎಷ್ಟು ಜೋರಾಗಿ ಕೂಗಿದೆ ಎಂಬುದೂ ಗೊತ್ತಾಗಲಿಲ್ಲ. ಅಂಗಡಿಯವರ ಕೈಯಿಂದ ಸ್ಕ್ರೂಡ್ರೈವರ್ ಬಿತ್ತು.

ಕಡಿಮೆ ಬೆಲೆಗೆ ಒಳ್ಳೆಯ ಸೌಂಡ್ ಇರುವ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕಿತ್ತು. ಹಾಕಿ ನೋಡಿದವೆಲ್ಲ ಒಂದೇ ಥರ ಗುಂಯ್‌ಗುಟ್ಟುತ್ತಿದ್ದವು. ಪಕ್ಕದಲ್ಲಿ ಗಾರೆ ಕೆಲಸದವರೊಬ್ಬರು ಕಣ್ಣು ಮುಚ್ಚಿ ಒಂದೊಂದನ್ನೇ ಪರೀಕ್ಷಿಸುತ್ತಿದ್ದರು. ಯಾವ ಹಾಡು ಹಾಕಿ ನೋಡ್ತೀರಿ ಎಂದು ಕೇಳಿದೆ.

“ಹಾಡಲ್ರೀ ಅಕ್ಕಾರ, ನಮ್ಮವ್ವ ರೊಟ್ಟಿ ಬಡಿಯೋದು ರೆಕಾರ್ಡ್ ಮಾಡ್ಕೊಂಡೀನಿ. ಕೈಬಳಿ ಸಪ್ಪಳ ಬ್ಯಾರೆ, ರೊಟ್ಟಿ ಸಪ್ಪಳ ಬ್ಯಾರೆ ಕೇಳಿದ್ರ ಅದು ಚಲೋ ಮಾಲು” ಎಂದವರೇ ತಮ್ಮ ಫೋನಿಗೆ ಜೋಡಿಸಿದ್ದ ನೀಲಿ ಹೆಡ್‌ಫೋನನ್ನು ನನಗೆ ಕೊಟ್ಟರು. ಅಲ್ಲಿದ್ದವುಗಳಲ್ಲಿ ಅಗ್ಗದ್ದು ಅದೇ. ಹಾಕಿಕೊಂಡರೆ ಎಡಗಿವಿಯಲ್ಲಿ ಸೌದೆ ಚಟಪಟ, ಬಲಗಿವಿಯಲ್ಲಿ ಬಳೆ, ನಡುವೆ ಅಂಗೈ ಪಟಪಟ. ಆಮೇಲೆ ರೊಟ್ಟಿ ಹಂಚಿಗೆ ಬಿತ್ತು, ಬಳೆಯ ಸದ್ದೇ ನಿಂತಿತು. ನನಗೆ ತಡೆಯಲಾಗಲಿಲ್ಲ, ಕೂಗಿದೆ.

ಅವರು ನಗುತ್ತ ಕೌಂಟರಿಗೆ ಒರಗಿಕೊಂಡರು. “ಆ ರೊಟ್ಟಿ ದೀಪಾವಳಿಗೇ ತಿಂದು ಮುಗಿಸೀನ್ರೀ.”

ಆಮೇಲೆ ಅಂಗಡಿಯಲ್ಲಿದ್ದವರೆಲ್ಲ ಸರದಿಯಲ್ಲಿ ನಿಂತು ರೊಟ್ಟಿ ಕೇಳಿದರು. ಅಂಗಡಿಯವರು ಎರಡು ಸಲ ಕೇಳಿದರು. ನಾವಿಬ್ಬರೂ ಆ ನೀಲಿಯದನ್ನೇ ಒಂದೊಂದು ಕೊಂಡೆವು.

ಹೆಡ್‌ಫೋನ್ ತಂದು ವಾರವಾದರೂ ನಾನಿನ್ನೂ ಒಂದು ಹಾಡು ಕೇಳಿಲ್ಲ. ಅತ್ತೆ ಒಗ್ಗರಣೆ ಹಾಕುವಾಗ ರೆಕಾರ್ಡ್ ಮಾಡಲು ಫೋನ್ ಹಿಡಿದು ನಿಲ್ಲುತ್ತೇನೆ. “ದೂರ ನಿಂತ್ಕೊಳ್ಳೇ, ಸಾಸಿವೆ ಸಿಡಿಯುತ್ತೆ” ಎಂದು ಅವರು ಬೈದದ್ದು ಆಮೇಲೆ ಕಿವಿಗೆ ಹಾಕಿಕೊಂಡಾಗ ಸಾಸಿವೆಗಿಂತ ಸ್ಪಷ್ಟವಾಗಿ ಕೇಳುತ್ತದೆ.