ಕಪ್ತಾನ ಪ್ರಚಂಡನನ್ನು ಕೊಂದದ್ದು ನಾನು

ಇಂಗ್ಲೆಂಡಿನ ಬಕ್ಸ್‌ಟನ್ ದಾಟಿ ಬೆಟ್ಟದ ರಸ್ತೆ ಹತ್ತಿದರೆ ಕಾರಿನ ರೇಡಿಯೋಗೆ ಗಂಟಲು ಕಟ್ಟುತ್ತದೆ. ಅದುವರೆಗೆ ನಾಳೆಯ ಮಳೆಯ ಬಗ್ಗೆ ಹೇಳುತ್ತಿದ್ದವನು ಗೊರ್ರೆನ್ನುವ ಸದ್ದಿನೊಳಗೆ ಮುಳುಗಿಹೋಗುತ್ತಾನೆ. ಬೇರೆಯವರಾದರೆ ಗುಂಡಿ ತಿರುಗಿಸುತ್ತಾರೆ. ನಾನು ಬೇಡ ಅನ್ನುತ್ತೇನೆ. ನನ್ನ ಮಟ್ಟಿಗೆ ಅದು ಸಮುದ್ರದ ಸದ್ದು.

ಮೊನ್ನೆ ನಾಟಿಂಗ್‌ಹ್ಯಾಮಿನ ಯುಗಾದಿ ಕಾರ್ಯಕ್ರಮ ಮುಗಿಸಿ ತಮ್ಮ ಸೀನ ನನ್ನನ್ನು ಮ್ಯಾಕಲ್ಸ್‌ಫೀಲ್ಡಿಗೆ ಬಿಡಲು ಬರುತ್ತಿದ್ದಾಗಲೂ ಹಾಗೇ ಆಯಿತು. ಅವನು ನಾಟಿಂಗ್‌ಹ್ಯಾಮಿನಲ್ಲಿ ಜಿಪಿ, ಅಂದರೆ ಊರ ಡಾಕ್ಟರು. ಊರಿನ ಅರ್ಧ ಜನರ ಕೆಮ್ಮು ಅವನ ಕಿವಿಗೆ ಬೀಳುತ್ತದೆ. ನಾನು ಮಾತ್ರೆ ಕಾರ್ಖಾನೆಯಲ್ಲಿ ಡಬ್ಬಿ ತುಂಬುವವಳು. ಅವನು ಬರೆದುಕೊಡುತ್ತಾನೆ, ನಾನು ತುಂಬಿಕೊಡುತ್ತೇನೆ. ಎರಡೂ ವೈದ್ಯಕೀಯವೇ ಎಂದು ನನ್ನ ವಾದ. ನಮ್ಮ ಕನ್ನಡ ಸಂಘದ ಡಾಕ್ಟರುಗಳು ಇನ್ನೂ ಒಪ್ಪಿಲ್ಲ.

ನಾವು ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಸಮುದ್ರ ಕಂಡವರು ನಮ್ಮ ಸಾಲಿನಲ್ಲಿ ಯಾರೂ ಇರಲಿಲ್ಲ. ಆದರೂ ಭಾನುವಾರ ಮಧ್ಯಾಹ್ನ ರೇಡಿಯೋದಲ್ಲಿ ಕಪ್ತಾನ ಪ್ರಚಂಡನ ಹಡಗು ಹೊರಟರೆ ನಾನು ಅದರಲ್ಲಿರುತ್ತಿದ್ದೆ. ಗುಡುಗಿನಂಥ ದನಿ ಅವನದು. ‘ಯಾರಲ್ಲಿ!’ ಎಂದರೆ ಮಾಡಿನ ಮೇಲಿನ ಬೆಕ್ಕು ಇಳಿದು ಓಡುತ್ತಿತ್ತು. ಕಡಲ್ಗಳ್ಳರು ಮುತ್ತಿದಾಗಲೇ ಗೂಡ್ಸ್ ರೈಲು ಹಾದುಹೋಗಿ ಯಾರು ಯಾರನ್ನು ಹೊಡೆದರೆಂದೇ ತಿಳಿಯುತ್ತಿರಲಿಲ್ಲ. ಅಂಥಲ್ಲಿ ಕಪ್ತಾನನೇ ಗೆದ್ದ ಎಂದು ನಾನು ತೀರ್ಮಾನಿಸುತ್ತಿದ್ದೆ.

ಸೀನನಿಗೆ ಅದೇ ಹೊತ್ತಿಗೆ ಲೆಕ್ಕದ ಮೇಷ್ಟ್ರ ಮನೆಪಾಠ. ಓದುವ ಮಗ ಅವನು, ರೇಡಿಯೋ ಕೇಳುವ ಮಗಳು ನಾನು. ಪಾಠದಿಂದ ಓಡಿಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, “ಅಕ್ಕಾ, ಏನಾಯ್ತು, ಹೇಳೇ” ಅನ್ನುತ್ತಿದ್ದ. ನಾನು ಕಪ್ತಾನನ ದನಿಯಲ್ಲಿ ಇಡೀ ಕಂತು ಒಪ್ಪಿಸುತ್ತಿದ್ದೆ. ಅಲೆಗಳು ಬೇಕಾದಾಗ ಮೊರದಲ್ಲಿ ಅಕ್ಕಿ ಆಡಿಸುತ್ತಿದ್ದೆ. ಅವನಿಗೆ ತಿಳಿಯದ್ದು ನನಗೆ ತಿಳಿದಿದ್ದ ವಿಷಯ ಲೋಕದಲ್ಲಿ ಅದೊಂದೇ.

ಏಳನೇ ಕ್ಲಾಸಾದ ಮೇಲೆ ನನ್ನನ್ನು ಮನೆಯಲ್ಲಿ ಕೂರಿಸಿದ್ದರು. ಹೈಸ್ಕೂಲು ದೂರ, ತಮ್ಮನೂ ಅಲ್ಲಿಗೆ ಬರುವವರೆಗೆ ಕಾದಿದ್ದು ಜೊತೆಯಲ್ಲಿ ಹೋಗಲಿ ಎಂದು ಅಪ್ಪನ ಲೆಕ್ಕ. ಕಾದೆ. ಕೊನೆಗೆ ಅಪ್ಪ ಕರಿ ಶೂ ತಂದರು. ಪೊಟ್ಟಣ ಬಿಚ್ಚಿದರೆ ಒಂದೇ ಜೊತೆ. “ನಿಂಗ್ಯಾಕಮ್ಮ ಇನ್ನು ಓದು, ಬರೆಯೋಕೆ ಬರತ್ತಲ್ಲ,” ಅಂದರು. ಅದೇ ವಾರ ಕಪ್ತಾನನ ಕೊನೆಯ ಕಂತು.

ಸೀನ ಹೊಸ ಶೂ ಹಾಕಿಕೊಂಡೇ ಹೊಸ್ತಿಲ ಮೇಲೆ ಕೂತ. “ಏನಾಯ್ತೇ?”

“ಸತ್ತ,” ಅಂದೆ.

ರೇಡಿಯೋದಲ್ಲಿ ಬದುಕಿದ್ದ. ಕೊಂದದ್ದು ನಾನು. ಅದೂ ಸುಮ್ಮನೆ ಕೊಲ್ಲಲಿಲ್ಲ. ಮರಳ ಮೇಲೆ ಜ್ವರದಲ್ಲಿ ನರಳಿಸಿ, ‘ಡಾಕ್ಟರ್... ಯಾರಾದರೂ ಡಾಕ್ಟರನ್ನು ಕರೆಯಿರಿ...’ ಎಂದು ಕೂಗಿಸಿ ಕೊಂದೆ. ಸೀನ ಊಟ ಬಿಟ್ಟು ಅತ್ತ. ಮರುದಿನ ಪಕ್ಕದ ಮನೆಯ ಮಂಜ ‘ಕಪ್ತಾನ ಬದುಕಿದನಲ್ಲೋ’ ಎಂದನಂತೆ. “ನಮ್ಮಕ್ಕ ಸುಳ್ಳು ಹೇಳಲ್ಲ” ಎಂದು ಅವನಿಗೆ ಹೊಡೆದು, ಅಂಗಿ ಹರಿದುಕೊಂಡು ಬಂದ. ಆ ಅಂಗಿಯನ್ನು ಹೊಲಿದುಕೊಟ್ಟವಳೂ ನಾನೇ. ನಿಜ ಹೇಳಲು ಬಾಯಿ ಬರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ. ಸೀನ ಅದನ್ನು ಜೀವನಚರಿತ್ರೆ ಮಾಡಿಕೊಂಡ. “ಅಲ್ಲೊಬ್ಬ ಡಾಕ್ಟರ್ ಇದ್ದಿದ್ದರೆ ಕಪ್ತಾನ ಉಳಿಯುತ್ತಿದ್ದ. ಅಂದೇ ನಿರ್ಧರಿಸಿದೆ.” ಇದನ್ನು ಹೆಣ್ಣು ನೋಡಲು ಹೋದಾಗ ಹೇಳಿದ, ಇಲ್ಲಿಯ ಕೆಲಸದ ಸಂದರ್ಶನದಲ್ಲಿ ಇಂಗ್ಲಿಷಿನಲ್ಲಿ ಹೇಳಿದ. ಎರಡು ಕಡೆಯೂ ಒಪ್ಪಿಗೆಯಾಯಿತು.

ಈ ಯುಗಾದಿಗೆ ಸಂಘದವರು ಮುಖ್ಯ ಅತಿಥಿಯಾಗಿ ಕರೆತಂದದ್ದು ಯಾರನ್ನು ಅಂತೀರಿ? ಕಪ್ತಾನ ಪ್ರಚಂಡನಿಗೆ ದನಿ ಕೊಟ್ಟವರನ್ನೇ! ಅವರು ಹಡರ್ಸ್‌ಫೀಲ್ಡಿಗೆ ಮಗಳ ಬಾಣಂತನಕ್ಕೆ ಬಂದಿದ್ದ ಹೆಂಡತಿಯ ಜೊತೆ ಬಂದವರು. ಹೀಗೆ ಮಕ್ಕಳ ಮನೆಗೆ ಬಂದವರನ್ನು ಹಿಡಿದು ತಂದು ಸನ್ಮಾನ ಮಾಡುವುದು ನಮ್ಮ ಸಂಘದ ಪದ್ಧತಿ. ಕಲೆಗೆ ಗೌರವವೂ ಆಯಿತು, ವಿಮಾನದ ಖರ್ಚೂ ಉಳಿಯಿತು. ಬಂದವರು ನನ್ನ ಭುಜದಷ್ಟೇ ಎತ್ತರ, ಮಂಕಿ ಟೋಪಿ, ಎರಡು ಸ್ವೆಟರ್. ಟೋಪಿಯ ಮೇಲೆಯೇ ಮೈಸೂರು ಪೇಟ ಇಟ್ಟರು.

ಸೀನನದು ಸ್ವಾಗತ ಭಾಷಣ. ಎರಡೇ ಮಾತು ಎಂದು ಶುರುಮಾಡಿ ಜೀವನಚರಿತ್ರೆ ಪೂರ್ತಿ ಹೇಳಿದ. ಆಮೇಲೆ ಕೈಮುಗಿದು, “ಸಾರ್, ಆ ಸಾಯೋ ಸೀನು ನಮಗೋಸ್ಕರ ಒಂದ್ಸಲ!” ಎಂದ.

ಅತಿಥಿಗಳು ಕಣ್ಣು ಪಿಳುಕಿಸಿದರು. ಈಗ ಇವರು ‘ನಾನೆಲ್ಲಿ ಸತ್ತೆ?’ ಎಂದುಬಿಟ್ಟರೆ ಸೀನ ಇಷ್ಟು ಜನರ ಮುಂದೆ ಏನಾಗಬೇಕು? ಆದರೆ ಶಾಲು ಹೊದ್ದ ಕಲಾವಿದನ ಕೈಗೆ ಮೈಕು ಸಿಕ್ಕಿತ್ತು. ಸೀನ ಪಕ್ಕದಲ್ಲಿ ನಿಂತು ನನ್ನ ಮಾತುಗಳನ್ನು ಒಂದಕ್ಷರ ಬಿಡದೆ ಎತ್ತಿಕೊಡುತ್ತಾ ಹೋದ. ಅವರು ಸಾಯುತ್ತಾ ಹೋದರು. ಆ ಪುಟ್ಟ ಮೈಯಿಂದ ಅದೇ ಗುಡುಗು! “ಡಾಕ್ಟರ್... ಡಾಕ್ಟರ್...” ಸಭಾಂಗಣದ ತುಂಬ ಡಾಕ್ಟರುಗಳೇ. ಬಿಸಿಬೇಳೆಬಾತಿನ ವಾಸನೆ ಬರುತ್ತಿತ್ತು, ಒಬ್ಬರೂ ಏಳಲಿಲ್ಲ. ಯಾರದೋ ಜೇಬಿನಲ್ಲಿ ಆಸ್ಪತ್ರೆಯ ಕರೆಯಂತ್ರ, ಬ್ಲೀಪ್, ಮಾತ್ರ ಕೂಗಿತು.

ಊಟದ ಸಾಲಿನಲ್ಲಿ ಅವರಿಗೆ ಹಪ್ಪಳ ಬಡಿಸಿದವಳು ನಾನು. “ಎಷ್ಟು ಧಾರಾವಾಹಿ ಮಾಡಿದೆನಮ್ಮ, ಒಂದೂ ನೆನಪಿಲ್ಲ,” ಎಂದರು. “ಡಾಕ್ಟರು ಹೇಳ್ತಾರೆ ಅಂದ್ಮೇಲೆ ಸತ್ತೇ ಇರ್ತೀನಿ. ಚೆನ್ನಾಗಿತ್ತಾ?”

“ಚೆನ್ನಾಗಿತ್ತು ಸಾರ್,” ಅಂದೆ. ಇದ್ದೊಬ್ಬ ಸಾಕ್ಷಿಯೂ ಹೋದ. ಇನ್ನು ನಿಜ ಉಳಿದದ್ದು ನನ್ನೊಬ್ಬಳ ಹೊಟ್ಟೆಯಲ್ಲಿ.

ಇಷ್ಟೆಲ್ಲ ಆಗಿ ಬರುವಾಗಲೇ ರೇಡಿಯೋ ಗೊರ್ರೆಂದದ್ದು.

“ಸೀನ, ಕಪ್ತಾನ ಸಾಯಲಿಲ್ಲ ಕಣೋ,” ಅಂದೆ. “ನಾನೇ ಕೊಂದೆ.”

ಅವನು ರೇಡಿಯೋ ಆರಿಸಿದ. “ಯಾಕೇ?”

“ನಿಂಗೆ ಶೂ ತಂದಿದ್ರಲ್ಲ.”

ಯಾವ ಶೂ ಎಂದು ಅವನು ಕೇಳಲಿಲ್ಲ. ಬೆಟ್ಟದ ತಲೆಯಲ್ಲಿ ರಸ್ತೆಗೆ ಕುರಿಯೊಂದು ಅಡ್ಡ ನಿಂತಿತ್ತು. ಹಾರ್ನ್ ಮಾಡದೆ ಅದು ಹೋಗುವವರೆಗೂ ಕಾದ.

“ಪಾಪ, ಮಂಜನಿಗೆ ಸುಮ್ನೆ ಹೊಡೆದೆ,” ಅಂದ. ಆಮೇಲೆ, “ಹಾಗಾದ್ರೆ ಅವನು ಬದುಕಿದ್ದು ಹೇಗೆ?”

“ಮೀನು ಮಾರೋ ಮುದುಕಿಯೊಬ್ಬಳು ಗುಡಿಸಲಿಗೆ ಎಳ್ಕೊಂಡು ಹೋಗಿ ಗಂಜಿ ಕುಡಿಸಿದಳು.”

“ಡಾಕ್ಟರ್ ಇಲ್ದೇನೇ?”

“ಡಾಕ್ಟರ್ ಇಲ್ದೇನೇ.”

ಸೀನನ ಮುಖ ನೋಡಬೇಕಿತ್ತು ನೀವು. ಅಷ್ಟು ವರ್ಷದ ಓದು, ಅಷ್ಟು ಪರೀಕ್ಷೆ! ಬೆಟ್ಟ ಇಳಿಯುತ್ತಾ ಕಾರು ನಿಧಾನ ಮಾಡಿದ.

“ಗಂಜಿಗೆ ಉಪ್ಪು ಹಾಕಿದ್ಲಾ?”

“ಅದನ್ನ ರೇಡಿಯೋದಲ್ಲಿ ಹೇಳ್ಲಿಲ್ಲ. ರೈಲು ಬಂತು.”

“ಹಾಕಿರ್ತಾಳೆ,” ಅಂದ. “ಇಲ್ದಿದ್ರೆ ಉಳೀತಿರ್ಲಿಲ್ಲ. ಮೊದಲಿಂದ ಹೇಳೇ ಅಕ್ಕ, ಸರಿಯಾಗಿ.”

ಹಿಂದಿನ ಸೀಟಿನಿಂದ, ಅಡುಗೆಯಲ್ಲಿ ಮಿಕ್ಕಿತೆಂದು ಸಂಘದವರು ಕಟ್ಟಿಕೊಟ್ಟ ಅಕ್ಕಿಯ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡು ಅಲ್ಲಾಡಿಸಿದೆ. ಅಲೆ ಎದ್ದಿತು.