ಮೇಷ್ಟ್ರು ಬಾಯಿ ಬಿಟ್ಟ ದಿನ

ನಮ್ಮ ವಿಭಾಗದಲ್ಲಿ ಎಲ್ಲರೂ ಅವರನ್ನು ಜೋಡಿ ಮೇಷ್ಟ್ರು ಅನ್ನುತ್ತಿದ್ದರು. ಬೆಳಿಗ್ಗೆ ಮೇಲಿನ ಮಹಡಿಯಲ್ಲಿ ಪ್ರಾಧ್ಯಾಪಕರು, ಮಧ್ಯಾಹ್ನದ ಮೇಲೆ ಕೆಳಗಿನ ಮಹಡಿಯಲ್ಲಿ ತಾವೇ ಹುಟ್ಟುಹಾಕಿದ ಕಂಪನಿಯ ಯಜಮಾನರು. ಉಪ್ಪುನೀರನ್ನು ಸಿಹಿ ಮಾಡುವ ತೆಳು ಪೊರೆ ಅವರ ಸರಕು. ಪಕ್ಕದ ಕೋಣೆಯವನಾದ ನನಗೆ ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಅವರು ನಡುಮೆಟ್ಟಿಲಲ್ಲಿ ನಿಂತು, ಹತ್ತಬೇಕೋ ಇಳಿಯಬೇಕೋ ಮರೆತು ತಲೆ ಕೆರೆದುಕೊಳ್ಳುವುದನ್ನು ಕಂಡ ಮೇಲೆ ಉರಿ ಆರಿತು.

ಅವರ ಬಳಿ ಸಂಶೋಧನೆ ಮಾಡುತ್ತಿದ್ದ ಹುಡುಗಿ, ಪೊರೆಗೆ ಪಾಚಿ ಕಟ್ಟದಂತೆ ತಡೆಯುವ ಲೇಪವೊಂದನ್ನು ಕಂಡುಹಿಡಿದಳು. ಪ್ರಬಂಧ ಅಚ್ಚಾದರೆ ಅವಳಿಗೆ ಡಾಕ್ಟರೇಟ್. ಆದರೆ ಪೇಟೆಂಟ್ ಅರ್ಜಿಗೆ ಮುಂಚೆ ವಿಷಯ ಹೊರಬಿದ್ದರೆ ಕಂಪನಿಗೆ ಹಕ್ಕು ಸಿಗುವುದಿಲ್ಲ. ಹಣ ಹೂಡಿದವರು ಇನ್ನೂ ಒಂದಿಷ್ಟು ಪರೀಕ್ಷೆ ಆಗಲಿ ಎಂದು ಅರ್ಜಿ ಎಳೆಯುತ್ತಲೇ ಹೋದರು. ಮೇಷ್ಟ್ರು ಹುಡುಗಿಗೆ ಸ್ವಲ್ಪ ತಾಳಮ್ಮ ಅನ್ನುತ್ತಲೇ ಹೋದರು. ಅವಳ ಜೊತೆಯವರೆಲ್ಲ ಪದವಿ ಪಡೆದು ಹೊರಟುಹೋದರು. ಇದು ಸರಿಯಾ ಎಂದು ನಾನು ಮೇಷ್ಟ್ರನ್ನು ಕೇಳಿಯೇಬಿಟ್ಟೆ.

"ಕಂಪನಿ ಮುಚ್ಚಿದ್ರೆ ಕೆಳಗೆ ಕೆಲಸ ಮಾಡೋರ ಮುಖ ನೋಡಕ್ಕಾಗಲ್ಲ. ಮೇಲೆ ಬಂದ್ರೆ ಇವಳ ಮುಖ ನೋಡಕ್ಕಾಗ್ತಿಲ್ಲ. ನಾನು ಎಲ್ಲಿಗೆ ಹೋಗ್ಲಿ, ನೀವೇ ಹೇಳಿ," ಅಂದರು.



ಆಗಲೇ ಬೇರೆ ಊರಿನಲ್ಲೊಂದು ವಿಚಾರ ಸಂಕಿರಣ. ನಾನೂ ಜೊತೆಗೆ ಹೋಗಿದ್ದೆ. ಹಳೆಯ ಪೊರೆಯ ಬಗ್ಗೆ ಮಾತ್ರ ಮಾತಾಡುವೆನೆಂದು ಮೇಷ್ಟ್ರು ಹೂಡಿಕೆದಾರರಿಗೆ ಮಾತು ಕೊಟ್ಟಿದ್ದರು. ಭಾಷಣವೇನೋ ಸುಸೂತ್ರವಾಗಿ ಮುಗಿಯಿತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಅವರ ವೃದ್ಧ ಗುರುಗಳು ಎದ್ದು, ಈ ಪಾಚಿಯ ತೊಂದರೆ ಯಾರಿಂದಲೂ ಬಗೆಹರಿಯುವಂಥದ್ದಲ್ಲ ಎಂದುಬಿಟ್ಟರು. ಪಾಠ ಹೇಳಿ ಹೇಳಿ ಕೆಟ್ಟ ನಮ್ಮಂಥವರಿಗೆ ತಪ್ಪು ಉತ್ತರ ಕೇಳಿ ಸುಮ್ಮನಿರುವುದು ಆಗದ ಕೆಲಸ. ಮೇಷ್ಟ್ರು ಬೋರ್ಡಿನ ಮುಂದೆ ನಿಂತು ಲೇಪದ ಗುಟ್ಟನ್ನೆಲ್ಲ ಎಳೆಎಳೆಯಾಗಿ ಬಿಡಿಸಿ ಬರೆದರು. ಎಷ್ಟೋ ಕಾಲದ ಮೇಲೆ ಅವರ ಮುಖದಲ್ಲಿ ಕಳೆ ಬಂದಿತ್ತು. ಚಪ್ಪಾಳೆ ಬಿತ್ತು. ಹಿಂದೆ ಯಾರೋ ಫೋಟೋ ತೆಗೆದುಕೊಂಡರು.

ಪೇಟೆಂಟಿನ ಆಸೆ ಅಲ್ಲಿಗೇ ಮುಗಿಯಿತು. ಕೆಲವೇ ತಿಂಗಳಲ್ಲಿ ಬೇರೆ ತಂಡವೊಂದು ಅದೇ ಲೇಪದ ಮೇಲೆ ಪ್ರಬಂಧ ಅಚ್ಚುಹಾಕಿಸಿತು; ಹುಡುಗಿಯ ಪ್ರಬಂಧದಲ್ಲಿ ಹೊಸತೆನ್ನುವುದೇ ಉಳಿಯಲಿಲ್ಲ. ಇತ್ತ ಹೂಡಿಕೆದಾರರು ಇನ್ನೊಂದು ಲೇಪ ಹುಡುಕಿಕೊಡಿ ಎಂದು ಮೇಷ್ಟ್ರ ಕತ್ತಿನ ಮೇಲೆ ಕೂತರು. ಅದು ಆ ಹುಡುಗಿಯಿಂದ ಮಾತ್ರ ಆಗುವ ಕೆಲಸ.

ಅವಳನ್ನು ಕರೆಸಿದಾಗ ನಾನು ಅಲ್ಲೇ ಇದ್ದೆ. ಮೇಷ್ಟ್ರು ಬೇರೆ ತಂಡದ ಆ ಪ್ರಬಂಧವನ್ನು ಅವಳ ಮುಂದಿಟ್ಟು ತಪ್ಪಾಯಿತು ಅಂದರು. ಅದೇ ಉಸಿರಿನಲ್ಲಿ, ಇನ್ನೊಂದು ವರ್ಷ ಇರ್ತೀಯಾ ಎಂದೂ ಕೇಳಿದರು. ನನಗೆ ಮೈಯೆಲ್ಲ ಉರಿಯಿತು, ಅಯ್ಯೋ ಅನ್ನಿಸಿತು ಕೂಡ. ಅವಳು ಹಾಳೆ ತಿರುವಿದಳು. ಕೊನೆಯಲ್ಲಿ, ದಾರಿ ತೋರಿಸಿದ ಪ್ರಾಧ್ಯಾಪಕರಿಗೆ ಕೃತಜ್ಞತೆ ಎಂದು ಮೇಷ್ಟ್ರ ಹೆಸರಿತ್ತು.

"ಸರ್, ಅವತ್ತು ಬೋರ್ಡ್ ಮೇಲೆ ಎಲ್ಲಾ ಬರೆದ್ರಲ್ಲ, ನನ್ನ ಹೆಸರು ಬರೆದಿದ್ರಾ?"



"ಇಲ್ಲಮ್ಮ," ಅಂದರು ಮೇಷ್ಟ್ರು. "ನೆನಪೇ ಆಗ್ಲಿಲ್ಲ."